ವೋಲ್ಟೇಜ್ ಏರಿಸುವ ಗೆಳೆಯರಿಗೊಂದು ಬಹಿರಂಗ ಪತ್ರ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಪಿಸಿ ಅಸೆಂಬಲ್ ಮಾಡುವವರಿಗೆ, ಗೇಮ್ ಆಡುವವರಿಗೆ, ಮದುವೆ ವಿಡಿಯೊ ಎಡಿಟ್ ಮಾಡಿ ಹೊಟ್ಟೆ ಹೊರೆಯುವವರಿಗೆ,



2024ರ ಜುಲೈ 22ರಂದು ಇಂಟೆಲ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ತನ್ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರಾಸೆಸರ್‌ಗಳು ಪದೇಪದೇ ಕೈಕೊಡುತ್ತಿರುವುದಕ್ಕೆ ಅತಿಯಾದ ವೋಲ್ಟೇಜೇ ಕಾರಣ ಎಂದು ಅದರಲ್ಲಿ ಒಪ್ಪಿಕೊಂಡಿತ್ತು. ಆ ವೋಲ್ಟೇಜನ್ನು ಏರಿಸಿದ್ದು ಬಯೋಸ್‌ನಲ್ಲಿ ಕೈಯಾಡಿಸುವ ಯಾವ ಹುಡುಗನೂ ಅಲ್ಲ. ಪ್ರಾಸೆಸರ್‌ನ ಒಳಗೇ ಇರುವ, ಕಂಪನಿಯೇ ಬರೆದ ಮೈಕ್ರೋಕೋಡ್ ತನಗೆ ಎಷ್ಟು ವೋಲ್ಟ್ ಬೇಕು ಎಂದು ಮದರ್‌ಬೋರ್ಡಿಗೆ ತಪ್ಪು ಲೆಕ್ಕ ಕಳಿಸುತ್ತಿತ್ತು. ಬೋರ್ಡು ಕೇಳಿದಷ್ಟು ಕೊಡುತ್ತಿತ್ತು. ಡಬ್ಬದಿಂದ ತೆಗೆದು ಸಾಕೆಟ್ಟಿಗೆ ಕೂರಿಸಿ, ಒಂದೇ ಒಂದು ಸೆಟ್ಟಿಂಗನ್ನೂ ಮುಟ್ಟದೆ ಬಳಸಿದವರ ಪ್ರಾಸೆಸರ್‌ಗಳೂ ತಿಂಗಳುಗಳ ಬಳಿಕ ಸೊರಗಿದವು.

ರೋಗ ಕಾಣಿಸಿಕೊಂಡ ರೀತಿಯೂ ದಾರಿ ತಪ್ಪಿಸುವಂಥದ್ದೇ. ಅನ್‌ರಿಯಲ್ ಎಂಜಿನ್‌ನಲ್ಲಿ ಕಟ್ಟಿದ ಗೇಮ್ ತೆರೆದ ಕೂಡಲೇ ‘ವಿಡಿಯೊ ಮೆಮೊರಿ ಸಾಲದು’ ಎಂಬ ಸಂದೇಶ ಬಂದು ಪರದೆ ಮುಚ್ಚಿಕೊಳ್ಳುತ್ತಿತ್ತು. ಓದಿದವರೆಲ್ಲ ಗ್ರಾಫಿಕ್ಸ್ ಕಾರ್ಡನ್ನು ಬೈದರು. ಕಾರ್ಡ್ ಬದಲಾಯಿಸಿದರು, ರ್‍ಯಾಮ್ ಬದಲಾಯಿಸಿದರು, ವಿಂಡೋಸ್ ಅಳಿಸಿ ಮತ್ತೆ ಹಾಕಿದರು. ಅಸಲಿಗೆ ಗೇಮ್ ತನ್ನ ಕಡತಗಳನ್ನು ಬಿಚ್ಚುವ ಭಾರಿ ಲೆಕ್ಕದ ಕೆಲಸವನ್ನು ಪ್ರಾಸೆಸರ್‌ಗೆ ಒಪ್ಪಿಸುತ್ತಿತ್ತು. ಪ್ರಾಸೆಸರ್ ಅಲ್ಲೊಂದು ಅಂಕಿ ಇಲ್ಲೊಂದು ಅಂಕಿ ತಪ್ಪುತ್ತಿತ್ತು. ತಪ್ಪು ಅಂಕಿ ಹಿಡಿದ ಸಾಫ್ಟ್‌ವೇರ್ ಮೆಮೊರಿಯ ಮೇಲೆ ಗೂಬೆ ಕೂರಿಸುತ್ತಿತ್ತು. ಪ್ರಾಸೆಸರ್ ಕೆಡುತ್ತಿದೆ ಎಂದು ಯಾರಿಗೂ ಹೊಳೆಯದಿರಲು ಕಾರಣವಿದೆ. ಪ್ರಾಸೆಸರ್ ಕೆಡುವುದೇ ಇಲ್ಲ ಎಂಬುದು ಈ ಕಸುಬಿನ ಹಳೆಯ ನಂಬಿಕೆ. ಎಸ್‌ಎಂಪಿಎಸ್ ಹೋಗುತ್ತದೆ, ಬೋರ್ಡು ಹೋಗುತ್ತದೆ, ಹಾರ್ಡ್‌ಡಿಸ್ಕ್ ಹೋಗುತ್ತದೆ. ಪ್ರಾಸೆಸರ್ ಮಾತ್ರ ಹಳೆಯದಾಗುತ್ತದೆಯೇ ಹೊರತು ಸಾಯುವುದಿಲ್ಲ. ಮಾಮೂಲಿ ವೋಲ್ಟೇಜಿನಲ್ಲಿ ಈ ನಂಬಿಕೆ ಬಹುಮಟ್ಟಿಗೆ ನಿಜವೂ ಹೌದು.

ಕಂಪನಿಯೇ ಎಡವಿಬಿದ್ದ ಜಾಗದಲ್ಲಿ ನಿಮ್ಮಲ್ಲಿ ಕೆಲವರು ಬೇಕೆಂದೇ ಕಾಲಿಡುತ್ತಿದ್ದೀರಿ. ಯೂಟ್ಯೂಬ್‌ನಲ್ಲಿ ಯಾರೋ 1.45 ವೋಲ್ಟ್ ಹಾಕಿ ಆರು ಗಿಗಾಹರ್ಟ್ಸ್ ದಾಟಿಸಿದ್ದನ್ನು ನೋಡಿ, ರಾತ್ರಿ ಊಟವಾದ ಮೇಲೆ ಡಿಲೀಟ್ ಕೀ ಒತ್ತಿ ಬಯೋಸ್ ತೆರೆಯುವವರಿಗೆ ಈ ಪತ್ರ. ಬೈಯುವುದಕ್ಕಲ್ಲ. ಇರುವ ಯಂತ್ರದಿಂದ ಇನ್ನಷ್ಟು ಕೆಲಸ ತೆಗೆಯಬೇಕೆನ್ನುವುದು ಒಳ್ಳೆಯ ಮೆಕ್ಯಾನಿಕ್‌ನ ಬುದ್ಧಿಯೇ. ಅದಕ್ಕೆ ತೆರುತ್ತಿರುವ ಬೆಲೆ ಎಷ್ಟೆಂಬುದು ಬಯೋಸ್‌ನ ಯಾವ ಪುಟದಲ್ಲೂ ಕಾಣುವುದಿಲ್ಲ, ಅಷ್ಟೇ.

ಮೊದಲು ವೋಲ್ಟೇಜಿನ ಲೆಕ್ಕ. ಗೋಡೆಯ ಸಾಕೆಟ್ಟಿನಲ್ಲಿ 230 ವೋಲ್ಟ್ ಇರುತ್ತದೆ. ಎಸ್‌ಎಂಪಿಎಸ್ ಅದನ್ನು 12 ವೋಲ್ಟ್ ಮಾಡುತ್ತದೆ. ಪ್ರಾಸೆಸರ್ ಸುತ್ತ ಬೋರ್ಡಿನ ಮೇಲೆ ಸಾಲಾಗಿ ನಿಂತಿರುವ ವಿಆರ್‌ಎಂ ಅದನ್ನು ಇನ್ನೂ ಇಳಿಸಿ 1.2 ವೋಲ್ಟಿನ ಆಸುಪಾಸಿಗೆ ತರುತ್ತದೆ. ನಮ್ಮ ಕಡೆ ಕರೆಂಟು ಏರಿಳಿಯುವುದು ಹೊಸದೇನಲ್ಲ, ಹಾಗಾಗಿ ವೋಲ್ಟೇಜ್ ಎಂದೊಡನೆ ಸ್ಟೆಬಿಲೈಸರ್ ನೆನಪಾಗುತ್ತದೆ. ಆದರೆ ಸ್ಟೆಬಿಲೈಸರ್, ಯುಪಿಎಸ್ ಎರಡೂ ಕಾಯುವುದು 230ರ ಬಾಗಿಲನ್ನು. ಬಯೋಸ್‌ನಲ್ಲಿ ನೀವೇ ಬರೆದ 1.45 ಅನ್ನು ಅವು ತಡೆಯಲಾರವು. ಲೈನಿನಲ್ಲಿ ಕರೆಂಟು ಎಷ್ಟೇ ನೆಟ್ಟಗಿರಲಿ, ಆ ಕೊನೆಯ ಅಂಗುಲದಲ್ಲಿ ಆಗುವ ಅನಾಹುತಕ್ಕೂ ಅದಕ್ಕೂ ಸಂಬಂಧವಿಲ್ಲ.

ಪ್ರಾಸೆಸರ್ ಎಳೆಯುವ ಕರೆಂಟು ಎಷ್ಟು ಎಂಬುದನ್ನು ಪಂಪ್‌ಸೆಟ್ ಪಕ್ಕದಲ್ಲಿ ಇಟ್ಟು ನೋಡಬೇಕು. ಬೋರ್‌ವೆಲ್‌ನ 5 ಎಚ್‌ಪಿ ಮೋಟಾರ್ ಮೂರು ಫೇಸ್‌ನಲ್ಲಿ ಫೇಸ್‌ಗೆ ಏಳೆಂಟು ಆಂಪಿಯರ್ ಎಳೆಯುತ್ತದೆ. ಕೋರ್ ಐ9-13900ಕೆ ಪ್ರಾಸೆಸರ್‌ಗೆ ಇಂಟೆಲ್ ಹಾಕಿದ ಗರಿಷ್ಠ ಮಿತಿ 253 ವ್ಯಾಟ್. 1.2 ವೋಲ್ಟಿನಲ್ಲಿ 253 ವ್ಯಾಟ್ ಎಂದರೆ 200 ಆಂಪಿಯರ್‌ಗೂ ಹೆಚ್ಚು. ಮೋಟಾರಿನ ವೈಂಡಿಂಗ್‌ನಲ್ಲಿ ಕಣ್ಣಿಗೆ ಕಾಣುವ ತಾಮ್ರದ ತಂತಿ ಇರುತ್ತದೆ. ಪ್ರಾಸೆಸರ್‌ನಲ್ಲಿ ಅಷ್ಟೂ ಕರೆಂಟು ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ತುಣುಕಿನೊಳಗೆ, ನ್ಯಾನೋಮೀಟರ್‌ಗಳಲ್ಲಿ ಅಳೆಯುವ ತಾಮ್ರದ ಗೆರೆಗಳಲ್ಲಿ ಹಂಚಿಕೊಂಡು ಹರಿಯಬೇಕು. ಇನ್ನೊಂದು ವ್ಯತ್ಯಾಸವೂ ಇದೆ. ಮೋಟಾರನ್ನು ಸುಡುವುದು ಹೆಚ್ಚಾಗಿ ಲೋ ವೋಲ್ಟೇಜ್, ಪ್ರಾಸೆಸರನ್ನು ತಿನ್ನುವುದು ಹೈ ವೋಲ್ಟೇಜ್. ವೋಲ್ಟೇಜ್ ಕಡಿಮೆಯಾದರೆ ಪ್ರಾಸೆಸರ್ ಹ್ಯಾಂಗ್ ಆಗುತ್ತದೆ, ನೀಲಿ ಪರದೆ ತೋರಿಸುತ್ತದೆ, ಸಾಯುವುದಿಲ್ಲ.

ಅಂದಹಾಗೆ, ಅನೇಕ ಗೇಮಿಂಗ್ ಮದರ್‌ಬೋರ್ಡ್‌ಗಳು ಕಾರ್ಖಾನೆಯಿಂದ ಬರುವಾಗಲೇ ಆ 253ರ ಮಿತಿಯನ್ನು ಕಿತ್ತುಹಾಕಿ ಅದರ ಜಾಗದಲ್ಲಿ 4096 ವ್ಯಾಟ್ ಎಂದು ಬರೆದಿರುತ್ತಿದ್ದವು. 5 ಎಚ್‌ಪಿ ಎಂದರೆ ಸುಮಾರು 3,730 ವ್ಯಾಟ್. ಪಂಪ್‌ಸೆಟ್ಟಿಗಿಂತ ಹೆಚ್ಚು ಎಳೆದುಕೋ ಎಂದು ಪ್ರಾಸೆಸರ್‌ಗೆ ಪರವಾನಗಿ! ಮಿತಿಯೇ ಇಲ್ಲ ಎಂದು ಹೇಳುವ ಬಗೆ ಅದು. ಬೆಂಚ್‌ಮಾರ್ಕ್ ಪಟ್ಟಿಯಲ್ಲಿ ಪಕ್ಕದ ಬ್ರ್ಯಾಂಡಿಗಿಂತ ಒಂದು ಗೆರೆ ಮೇಲೆ ಕಾಣಿಸಿಕೊಳ್ಳುವ ಪೈಪೋಟಿಯಲ್ಲಿ ಬೋರ್ಡ್ ತಯಾರಕರು ಆಡಿದ ಆಟ. ಪ್ರಾಸೆಸರ್‌ಗಳು ಕೈಕೊಡತೊಡಗಿದಾಗ ಇಂಟೆಲ್ ಮೊದಲು ಬೆರಳು ತೋರಿಸಿದ್ದೂ ಅವರ ಕಡೆಗೇ. ತಪ್ಪು ಎರಡೂ ಕಡೆ ಇತ್ತೆಂದು ಆಮೇಲೆ ಗೊತ್ತಾಯಿತು.

ವೋಲ್ಟೇಜ್ ಏರಿಸಿದಾಗ ಒಳಗೆ ಏನಾಗುತ್ತದೆ?

ಪ್ರತಿ ಟ್ರಾನ್ಸಿಸ್ಟರ್‌ನಲ್ಲೂ ಗೇಟ್ ಎಂಬ ಭಾಗ, ಅದರ ಕೆಳಗೆ ಕರೆಂಟು ದಾಟಬಾರದ ಒಂದು ಪದರ. 2005ರ ಸುಮಾರಿನ ಚಿಪ್‌ಗಳಲ್ಲಿ ಈ ಪದರದ ದಪ್ಪ ಬರೀ 1.2 ನ್ಯಾನೋಮೀಟರ್, ಅಂದರೆ ಕೆಲವೇ ಪರಮಾಣುಗಳ ಸಾಲು. ಅದರ ಎರಡು ಬದಿಗೆ 1.2 ವೋಲ್ಟ್ ಕೊಟ್ಟರೆ ಒಂದು ಮೀಟರಿಗೆ 100 ಕೋಟಿ ವೋಲ್ಟಿನ ಒತ್ತಡ ಕೊಟ್ಟಂತೆ. ಗಾಳಿ ಸುಮಾರು 30 ಲಕ್ಷಕ್ಕೆ ಸೋತು ಕಿಡಿ ಹಾರಿಸುತ್ತದೆ. ಇಂಥ ಒತ್ತಡದಲ್ಲಿ ಬದುಕುವ ಪದರದಲ್ಲಿ ಕಾಲಕ್ರಮೇಣ ಸಣ್ಣಸಣ್ಣ ದೋಷಗಳು ಹುಟ್ಟುತ್ತವೆ. ಒಂದು ದಿನ ಆ ದೋಷಗಳೆಲ್ಲ ಸಾಲುಗೂಡಿ ಈ ಬದಿಯಿಂದ ಆ ಬದಿಗೆ ದಾರಿಯಾಗುತ್ತವೆ, ಪದರ ತೂತಾಗುತ್ತದೆ. 2007ರಲ್ಲಿ ಇಂಟೆಲ್ ಹೊಸ ವಸ್ತುವಿನ ದಪ್ಪ ಪದರಕ್ಕೆ ಬದಲಾದ ಕಾರಣಗಳಲ್ಲಿ ಈ ಪದರದಿಂದ ಸೋರುತ್ತಿದ್ದ ಕರೆಂಟೂ ಒಂದು. ಪದರ ದಪ್ಪವಾದರೂ ಸವೆತ ನಿಲ್ಲಲಿಲ್ಲ. ವೋಲ್ಟೇಜ್ ಏರಿಸಿದಷ್ಟೂ ಅದರ ವೇಗ ಏರುತ್ತದೆ. ನೇರ ಅನುಪಾತದಲ್ಲಲ್ಲ, ಅದಕ್ಕಿಂತ ಬಹಳ ಕಡಿದಾಗಿ.

ಇನ್ನೊಂದು ಸವೆತ ತಂತಿಯದು. ಎಲೆಕ್ಟ್ರಾನ್‌ಗಳು ದಟ್ಟವಾಗಿ ಹರಿಯುವಾಗ ಲೋಹದ ಪರಮಾಣುಗಳನ್ನೇ ತಳ್ಳಿಕೊಂಡು ಹೋಗುತ್ತವೆ. ಒಂದು ಕಡೆ ಗುಳಿ ಬೀಳುತ್ತದೆ, ಇನ್ನೊಂದು ಕಡೆ ಗುಡ್ಡೆಯಾಗುತ್ತದೆ. ಗುಳಿ ಆಳವಾದರೆ ತಂತಿ ಕಡಿಯುತ್ತದೆ, ಗುಡ್ಡೆ ಬೆಳೆದರೆ ಪಕ್ಕದ ತಂತಿಗೆ ತಾಗುತ್ತದೆ. ಎಲೆಕ್ಟ್ರೊಮೈಗ್ರೇಷನ್ ಎನ್ನುವುದು ಇದನ್ನೇ. ಮೊಟೊರೋಲಾ ಕಂಪನಿಯ ಜೇಮ್ಸ್ ಬ್ಲ್ಯಾಕ್ 1969ರಲ್ಲಿ ಇದಕ್ಕೊಂದು ಸಮೀಕರಣ ಕೊಟ್ಟರು: ಕರೆಂಟಿನ ಸಾಂದ್ರತೆ ಎರಡು ಪಟ್ಟಾದರೆ ತಂತಿಯ ಆಯುಷ್ಯ ಕಾಲು ಭಾಗಕ್ಕೆ ಇಳಿಯುತ್ತದೆ, ಬಿಸಿ ಏರಿದರೆ ಇನ್ನೂ ವೇಗವಾಗಿ ಕುಸಿಯುತ್ತದೆ. ಐಬಿಎಂ 1997ರಲ್ಲಿ ಅಲ್ಯೂಮಿನಿಯಂ ಬಿಟ್ಟು ತಾಮ್ರದ ತಂತಿಯ ಚಿಪ್ ಪ್ರಕಟಿಸಿದ್ದರ ಹಿಂದೆಯೂ ಈ ಚಿಂತೆ ಇತ್ತು. ತಾಮ್ರ ಹೆಚ್ಚು ತಡೆದುಕೊಳ್ಳುತ್ತದೆ. ಆದರೆ ಆಮೇಲಿನ ವರ್ಷಗಳಲ್ಲಿ ತಂತಿಗಳೂ ಸಣ್ಣಗಾಗುತ್ತಲೇ ಹೋದವು.

ಈ ಸವೆತದ ಮೋಸವೇನೆಂದರೆ ಅದು ಕಾಣಿಸುವುದಿಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ. ಟ್ರಾನ್ಸಿಸ್ಟರ್ ತುಸು ನಿಧಾನವಾಗುತ್ತದೆ ಅಷ್ಟೆ. ನಿನ್ನೆಯವರೆಗೆ 1.30 ವೋಲ್ಟಿನಲ್ಲಿ ನೆಟ್ಟಗಿದ್ದ ವೇಗಕ್ಕೆ ಈಗ 1.32 ಬೇಕು. ಗೇಮ್ ಒಮ್ಮೆ ಮುಚ್ಚಿಕೊಳ್ಳುತ್ತದೆ, ರೆಂಡರ್ ಅರ್ಧಕ್ಕೆ ನಿಲ್ಲುತ್ತದೆ. ಓವರ್‌ಕ್ಲಾಕರ್, ಅಂದರೆ ಕಂಪನಿ ಇಟ್ಟ ವೇಗ ಮೀರಿಸಿ ಓಡಿಸುವವನು, ಏನು ಮಾಡುತ್ತಾನೆ? ‘ಸ್ಟೇಬಲ್ ಇಲ್ಲ’ ಎಂದು ವೋಲ್ಟೇಜನ್ನು ಇನ್ನೊಂದು ಚೂರು ಏರಿಸುತ್ತಾನೆ. ಯಂತ್ರ ಸುಧಾರಿಸಿದಂತೆ ಕಾಣುತ್ತದೆ, ಸವೆತ ಇನ್ನೂ ಜೋರಾಗುತ್ತದೆ, ಕೆಲವು ವಾರ ಕಳೆದು ಮತ್ತೆ ಅದೇ ಕತೆ. ಯಾವ ಔಷಧ ರೋಗವನ್ನು ಬೆಳೆಸುತ್ತದೋ ಅದನ್ನೇ ಡೋಸ್ ಏರಿಸಿ ಕೊಡುವ ಈ ಸುತ್ತಾಟವನ್ನು ಈ ಪತ್ರ ಓದಿದವರು ಒಮ್ಮೆಯಾದರೂ ತಡೆದರೆ ಸಾಕು.

ಇದು ಮೊದಲ ಸಲ ದೊಡ್ಡದಾಗಿ ಬಯಲಿಗೆ ಬಿದ್ದದ್ದು ಪೆಂಟಿಯಂ 4 ಕಾಲದಲ್ಲಿ. 2002ರ ಜನವರಿಯಲ್ಲಿ ನಾರ್ತ್‌ವುಡ್ ಎಂಬ ಹೆಸರಿನ ಹೊಸ ಪೆಂಟಿಯಂ 4 ಬಂತು. ಅದರ ತಂತಿಗಳು ಹಿಂದಿನದಕ್ಕಿಂತ ಸಪೂರ, ಮಾಮೂಲಿ ವೋಲ್ಟೇಜ್ ಸುಮಾರು 1.5 ಇತ್ತು. 1.6 ಗಿಗಾಹರ್ಟ್ಸ್‌ನ ಅಗ್ಗದ ಮಾದರಿಯನ್ನು 2 ಗಿಗಾಹರ್ಟ್ಸ್ ದಾಟಿಸುವುದು ಅನೇಕರಿಗೆ ಸಲೀಸಾಗಿತ್ತು. 1.7 ವೋಲ್ಟ್ ಮುಟ್ಟಿಸಿದರೆ ಇನ್ನೂ ಮೇಲಕ್ಕೆ ಹೋಗುತ್ತಿತ್ತು. ಹಾಗೆ ಮುಟ್ಟಿಸಿದವರ ಪ್ರಾಸೆಸರ್‌ಗಳು ಕೆಲವು ವಾರ, ಕೆಲವು ತಿಂಗಳು ಓಡಿ, ದಿನೇದಿನೇ ವೇಗ ಕಳೆದುಕೊಳ್ಳುತ್ತಾ ಬಂದು, ಕಡೆಗೊಂದು ಬೆಳಿಗ್ಗೆ ಏಳಲೇ ಇಲ್ಲ. ಜಗತ್ತಿನ ಓವರ್‌ಕ್ಲಾಕರ್‌ಗಳು ಅದಕ್ಕೆ ‘ಸಡನ್ ನಾರ್ತ್‌ವುಡ್ ಡೆತ್ ಸಿಂಡ್ರೋಮ್’ ಎಂದು ಹೆಸರಿಟ್ಟು ಅತ್ತರು. ಕಾರಣ ಎಲೆಕ್ಟ್ರೊಮೈಗ್ರೇಷನ್.

ಅದಕ್ಕೂ ನಾಲ್ಕು ವರ್ಷ ಮೊದಲು, 1998ರಲ್ಲಿ, ಸೆಲೆರಾನ್ 300ಎ ಎಂಬ ಅಗ್ಗದ ಪ್ರಾಸೆಸರ್ ಓವರ್‌ಕ್ಲಾಕಿಂಗ್‌ಗೆ ದೊಡ್ಡ ಹೆಸರು ತಂದಿತ್ತು. ಅದರ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸ್‌ಗೆ ಬದಲಿಸಿದರೆ 300ರ ಪ್ರಾಸೆಸರ್ 450ಕ್ಕೆ ಓಡುತ್ತಿತ್ತು, ಅದೂ ಹೆಚ್ಚಿನ ಪಾಲು ಮಾಮೂಲಿ ವೋಲ್ಟೇಜಿನಲ್ಲೇ. ಶೇ 50ರಷ್ಟು ವೇಗ ಪುಕ್ಕಟೆ! ಅದು ಸಾಧ್ಯವಾದದ್ದು ಕಂಪನಿ ಅಷ್ಟು ತಾಕತ್ತನ್ನು ಒಳಗೇ ಬಿಟ್ಟು ಮಾರುತ್ತಿದ್ದುದರಿಂದ. ದುಬಾರಿ ಮಾದರಿಗೂ ಅಗ್ಗದ ಮಾದರಿಗೂ ಸಿಲಿಕಾನ್ ಬಹುಮಟ್ಟಿಗೆ ಒಂದೇ ಆಗಿತ್ತು.

ಈಗ ಆ ಉಳಿಕೆ ಎಲ್ಲಿದೆ? 2008ರಲ್ಲಿ ಟರ್ಬೊ ಬೂಸ್ಟ್ ಬಂದ ಮೇಲೆ ಕಂಪನಿಯೇ ಓವರ್‌ಕ್ಲಾಕರ್ ಆಯಿತು. ಒಳಗಿನ ತಾಕತ್ತನ್ನು ಗಿರಾಕಿಯ ಕೈಗೆ ಬಿಡದೆ ತಾನೇ ಹಿಂಡಿ, ಡಬ್ಬದ ಮೇಲೆ ದೊಡ್ಡ ಸಂಖ್ಯೆ ಅಚ್ಚುಹಾಕಿ ಮಾರತೊಡಗಿತು. 13900ಕೆ 5.8 ಗಿಗಾಹರ್ಟ್ಸ್‌ವರೆಗೆ ಏರುತ್ತದೆ. ಆರಿಸಿ ತೆಗೆದ ಚಿಪ್‌ಗಳಿಂದ ಮಾಡಿದ 13900ಕೆಎಸ್ 6.0, ಅಂದರೆ ಶೇ 3.4 ಹೆಚ್ಚು. 14900ಕೆಎಸ್‌ನದು 6.2, 14900ಕೆಗಿಂತ ಹೆಚ್ಚುಕಮ್ಮಿ ಅಷ್ಟೇ ಮೇಲೆ. ಸಾವಿರಾರು ಚಿಪ್ ಪರೀಕ್ಷಿಸುವ ಕಾರ್ಖಾನೆಗೆ ದಕ್ಕಿದ್ದು ಇಷ್ಟು. ಮನೆಯ ಟೇಬಲ್ ಮೇಲೆ ಇನ್ನೆಷ್ಟು ದಕ್ಕೀತು? ಶೇ 3ರಷ್ಟು ವೇಗಕ್ಕೆ ಗೇಮ್‌ನಲ್ಲಿ ನೂರು ಫ್ರೇಮ್ ನೂರಾಮೂರು ಆಗಬಹುದು. ಕಣ್ಣಿಗೆ ಅದು ಗೊತ್ತಾಗದು.

ಅದರ ಖರ್ಚು ಮಾತ್ರ ಗೊತ್ತಾಗುತ್ತದೆ. ಪ್ರಾಸೆಸರ್ ಉರಿಸುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.2ರಿಂದ 1.4ಕ್ಕೆ ಹೋದರೆ ವೇಗ ಒಂದಿಷ್ಟೂ ಬದಲಾಗದಿದ್ದರೂ ಬಳಕೆ ಶೇ 36 ಹೆಚ್ಚು. ಜೊತೆಗೆ ವೇಗವನ್ನೂ ಶೇ 5 ಏರಿಸಿದರೆ ಶೇ 43. ಅಷ್ಟೂ ಶಾಖವಾಗಿ ಹೊರಬರಬೇಕು.

ಓವರ್‌ಕ್ಲಾಕಿಂಗ್ ಎಂದರೆ ಪ್ರಾಸೆಸರ್‌ನ ಕ್ಲಾಕ್ ವೇಗ ಏರಿಸುವುದು ಮಾತ್ರವಲ್ಲ ಎಂಬುದನ್ನು 2023ರ ಏಪ್ರಿಲ್ ಕಲಿಸಿತು. ಎಎಂಡಿಯ ರೈಜನ್ 7 7800ಎಕ್ಸ್3ಡಿ ಆ ತಿಂಗಳ 6ರಂದು ಮಾರುಕಟ್ಟೆಗೆ ಬಂದಿತ್ತು. ಕೆಲವೇ ವಾರಗಳಲ್ಲಿ ಅಡಿಭಾಗ ಉಬ್ಬಿ ಕರಕಲಾದ ಪ್ರಾಸೆಸರ್‌ಗಳ, ಕಪ್ಪಾದ ಸಾಕೆಟ್ಟುಗಳ ಫೋಟೊಗಳು ಹರಿದಾಡಿದವು. ಆ ಪ್ರಾಸೆಸರ್‌ಗಳ ಒಡೆಯರಲ್ಲಿ ಅನೇಕರು ಮಾಡಿದ್ದು ಒಂದೇ ಕೆಲಸ: ರ್‍ಯಾಮ್ ಡಬ್ಬದ ಮೇಲೆ ಬರೆದ ವೇಗ ಸಿಗಲೆಂದು ಬಯೋಸ್‌ನಲ್ಲಿ ಎಕ್ಸ್‌ಪೊ ಆನ್ ಮಾಡಿದ್ದು. ಬೋರ್ಡು ಅದರ ಜೊತೆಗೆ ಪ್ರಾಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್‌ಗೆ ಹೋಗುವ ಎಸ್‌ಒಸಿ ವೋಲ್ಟೇಜನ್ನೂ ತಾನಾಗಿಯೇ ಏರಿಸಿತ್ತು. ಎಎಂಡಿ ಅದೇ ತಿಂಗಳ ಕೊನೆಯಲ್ಲಿ ಆ ವೋಲ್ಟೇಜ್ 1.3 ದಾಟದಂತೆ ಹೊಸ ಫರ್ಮ್‌ವೇರ್ ಮೂಲಕ ಬೇಲಿ ಹಾಕಿತು. ಈ ಪ್ರಾಸೆಸರ್‌ನಲ್ಲಿ ಹೆಚ್ಚುವರಿ ಕ್ಯಾಶ್ ಮೆಮೊರಿಯ ಇನ್ನೊಂದು ಸಿಲಿಕಾನ್ ತುಣುಕು ಮೇಲೆ ಕೂತಿರುತ್ತದೆ. ಶಾಖಕ್ಕೂ ವೋಲ್ಟೇಜಿಗೂ ಅದು ನಾಜೂಕು. ಆ ತುಣುಕಿಲ್ಲದ ಅಣ್ಣತಮ್ಮಂದಿರಿಗೆ 95 ಡಿಗ್ರಿ ಮಿತಿಯಿದ್ದರೆ ಈ ಪ್ರಾಸೆಸರ್‌ಗೆ 89. ‘ಆಟೊ’ ಎಂದು ಬರೆದಿರುವ ಕಡೆ ಎಲ್ಲವೂ ಸುರಕ್ಷಿತ ಎಂದುಕೊಳ್ಳುವವರು ಈ ಪ್ರಕರಣವನ್ನು ನೆನಪಿಡಬೇಕು. ವೇಗ ನಿರ್ಧರಿಸುವ ಮಲ್ಟಿಪ್ಲೈಯರ್ ಮಾತ್ರ ಏರಿಸಿ ವೋಲ್ಟೇಜನ್ನು ಆಟೊಗೆ ಬಿಟ್ಟರೆ ಬೋರ್ಡು ಉದಾರವಾಗಿ ಸುರಿಯುತ್ತದೆ.

ಇಂಟೆಲ್ ಕತೆಯ ಕೊನೆಯ ಭಾಗ ಇನ್ನೂ ಸ್ವಾರಸ್ಯದ್ದು. 2024ರ ಆಗಸ್ಟ್‌ನಲ್ಲಿ 0ಎಕ್ಸ್129 ಎಂಬ ಮೈಕ್ರೋಕೋಡ್ ಬಂತು; ಪ್ರಾಸೆಸರ್ 1.55 ವೋಲ್ಟಿಗಿಂತ ಹೆಚ್ಚು ಕೇಳದಂತೆ ಅದು ಕಟ್ಟಿಹಾಕಿತು. ಸೆಪ್ಟೆಂಬರ್ ಕೊನೆಗೆ ಬಂದದ್ದು 0ಎಕ್ಸ್12ಬಿ. ಅದು ಸರಿಪಡಿಸಿದ ದೋಷ ಏನು ಗೊತ್ತೇ? ಯಂತ್ರ ಸುಮ್ಮನೆ ಕೂತಿರುವಾಗ, ಹಗುರ ಕೆಲಸ ಮಾಡುವಾಗ ವೋಲ್ಟೇಜ್ ಏರುತ್ತಿದ್ದುದು. ಭಾರಿ ಕೆಲಸದಲ್ಲಿ ಎಲ್ಲ ಕೋರ್‌ಗಳೂ ದುಡಿಯುವಾಗ ವೇಗವೂ ವೋಲ್ಟೇಜೂ ತಾನಾಗಿ ತಗ್ಗುತ್ತವೆ. ಒಂದೆರಡು ಕೋರ್ ಮಾತ್ರ ಎದ್ದು 6 ಗಿಗಾಹರ್ಟ್ಸ್‌ಗೆ ಜಿಗಿಯುವ ಹೊತ್ತಿನಲ್ಲೇ ವೋಲ್ಟೇಜ್ ತುದಿಗೇರುವುದು. ಹಾಡು ಕೇಳುತ್ತಾ ಕ್ರೋಮ್ ತೆರೆದಿಟ್ಟು ಕೂತವರ ಪ್ರಾಸೆಸರ್‌ಗೂ ಸವೆತ ತಪ್ಪಲಿಲ್ಲ. ಟೆಂಪರೇಚರ್ 50 ಡಿಗ್ರಿ ಇದೆ, ಚಿಂತೆಯಿಲ್ಲ ಎಂದುಕೊಂಡವರ ಲೆಕ್ಕ ಇಲ್ಲೇ ತಪ್ಪಿತು. ಹೆಚ್ಚು ಪೆಟ್ಟು ತಿಂದದ್ದು ಕೋರ್‌ಗಳಿಗೆ ತಾಳ ಹಂಚುವ ಕ್ಲಾಕ್ ಟ್ರೀ ಎಂಬ ಸರ್ಕ್ಯೂಟ್. 2025ರ ಮೇ ತಿಂಗಳಲ್ಲಿ 0ಎಕ್ಸ್12ಎಫ್ ಎಂಬ ಇನ್ನೊಂದು ತಿದ್ದುಪಡಿಯೂ ಬಂತು. ಇವೆಲ್ಲ ಮುಂದಿನ ಸವೆತವನ್ನು ತಡೆಯಬಲ್ಲವು. ಆಗಲೇ ಸವೆದ ಪ್ರಾಸೆಸರನ್ನು ರಿಪೇರಿ ಮಾಡಲಾರವು.

ಹಾಗಾದರೆ ದಾಖಲೆ ಮುರಿಯುವವರು? 2024ರ ಮಾರ್ಚ್‌ನಲ್ಲಿ ಸ್ವೀಡನ್ನಿನ ‘ಎಲ್ಮೋರ್’ ಎಂಬ ಪ್ರಸಿದ್ಧ ಓವರ್‌ಕ್ಲಾಕರ್ 14900ಕೆಎಸ್ ಅನ್ನು 9.117 ಗಿಗಾಹರ್ಟ್ಸ್ ಮುಟ್ಟಿಸಿದರು. ಇದೇ ಸಂತತಿಯ ಪ್ರಾಸೆಸರ್‌ಗಳು ಮನೆಮನೆಗಳಲ್ಲಿ ಕೈಕೊಡುತ್ತಿದ್ದ ತಿಂಗಳುಗಳವು. ಎಲ್ಮೋರ್ ಸುರಿದದ್ದು ದ್ರವ ಹೀಲಿಯಂ; ಅದು ಕುದಿಯುವುದೇ ಮೈನಸ್ 269 ಡಿಗ್ರಿಯಲ್ಲಿ. ಸಾಮಾನ್ಯವಾಗಿ ಬಳಸುವ ದ್ರವ ನೈಟ್ರೋಜನ್‌ನದು ಮೈನಸ್ 196. ಅಂಥ ಚಳಿಯಲ್ಲಿ ಪರಮಾಣುಗಳು ಅಲುಗುವುದೇ ಕಷ್ಟ, ಸೋರುವ ಕರೆಂಟು ಕಡಿಮೆ, ತಂತಿಯ ರೋಧವೂ ಕಡಿಮೆ. ಹಾಗಾಗಿ ಮನೆಯಲ್ಲಿ ಪ್ರಾಣ ತೆಗೆಯುವ ವೋಲ್ಟೇಜನ್ನು ಅಲ್ಲಿ ಕೊಡಬಹುದು. ಅದೂ ಸಂಖ್ಯೆ ದಾಖಲಾಗುವಷ್ಟು ಹೊತ್ತು, ಕ್ಷಣಗಳ ಮಟ್ಟಿಗೆ. ಆ ಪ್ರಾಸೆಸರ್‌ನಲ್ಲಿ ಯಾರೂ ಮದುವೆ ವಿಡಿಯೊ ರೆಂಡರ್ ಮಾಡುವುದಿಲ್ಲ.

ನಮ್ಮ ಸೀಮೆಯಲ್ಲಿ ಮಾಡುತ್ತಾರೆ. ಅದೂ ಯಾವಾಗ? ಮಾಘದಿಂದ ವೈಶಾಖದ ತನಕ ಲಗ್ನಗಳ ಸುಗ್ಗಿ. ಡ್ರೋನ್ ಹಾರಿಸಿ ತೆಗೆದ 4ಕೆ ವಿಡಿಯೊ ರಾತ್ರಿಯಿಡೀ ರೆಂಡರ್‌ಗೆ ಕೂರುವುದೂ ಆಗಲೇ, ಪಾವಗಡ, ಶಿರಾ ಕಡೆ ಹೊರಗಿನ ಧಗೆ 38–40 ಡಿಗ್ರಿ ಮುಟ್ಟುವುದೂ ಆಗಲೇ. ಶೀಟು ಹೊದಿಸಿದ ಮಾಳಿಗೆಯ ಸ್ಟುಡಿಯೊ ಒಳಗೆ ಹವೆ ಹೇಗಿರುತ್ತದೆಂದು ಹೇಳಬೇಕಿಲ್ಲ. ಕೂಲರ್ ಎಷ್ಟೇ ದುಬಾರಿಯಾಗಿರಲಿ, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಯೂಟ್ಯೂಬ್ ವಿಮರ್ಶಕರು 21 ಡಿಗ್ರಿಯ ಎಸಿ ಕೋಣೆಯಲ್ಲಿ 80 ತೋರಿಸಿದರೆ, ಅದೇ ಸೆಟ್ಟಿಂಗ್ 36 ಡಿಗ್ರಿಯ ಕೋಣೆಯಲ್ಲಿ 95 ಆಗುತ್ತದೆ. ಎಲೆಕ್ಟ್ರಾನಿಕ್ಸ್‌ನಲ್ಲೊಂದು ಅಂದಾಜು ಸೂತ್ರವಿದೆ: ಪ್ರತಿ 10 ಡಿಗ್ರಿ ಏರಿಕೆಗೆ ಆಯುಷ್ಯ ಸುಮಾರು ಅರ್ಧ. 15 ಡಿಗ್ರಿ ಎಂದರೆ ಮೂರನೇ ಒಂದು ಭಾಗದ ಆಸುಪಾಸು. ಜೊತೆಗೆ ನಮ್ಮ ಕೆಮ್ಮಣ್ಣಿನ ಧೂಳು. ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಅದು ಕಂಬಳಿಯಂತೆ ಕೂತ ಮೇಲೆ ಫ್ಯಾನ್ ಕಿರುಚುತ್ತದೆ, ಗಾಳಿ ಹೋಗುವುದಿಲ್ಲ.

ಸಿಲಿಕಾನ್‌ಗೂ ಬಿಸಿಲಿಗೂ ಇರುವ ವೈರವನ್ನು ಕಲಿಯಲು ನಾವು ದೂರ ಹೋಗಬೇಕಿಲ್ಲ. ಪಾವಗಡದ ರಾಯಚರ್ಲು, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್‌ನಲ್ಲೂ ಬಿಸಿಲಿಗೆ ಮೈಯೊಡ್ಡಿರುವ ವಸ್ತು ಬಹುಪಾಲು ಸಿಲಿಕಾನೇ. ರೈತರಿಂದ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಪಡೆದ ನೆಲದಲ್ಲಿ 2018ರಲ್ಲಿ ಶುರುವಾದ ಪಾರ್ಕ್ ಅದು. ಫಲಕದ ಹಿಂದೆ ಅಂಟಿಸಿರುವ ಚೀಟಿಯಲ್ಲಿ ಬರೆದ ವ್ಯಾಟ್ ಲೆಕ್ಕ, ಫಲಕದ ಕೋಶ 25 ಡಿಗ್ರಿಯಲ್ಲಿದ್ದಾಗಿನದು. ಅದಕ್ಕಿಂತ ಪ್ರತಿ ಡಿಗ್ರಿ ಏರಿದರೆ ಶೇ 0.4ರಷ್ಟು ಕಮ್ಮಿ. ಏಪ್ರಿಲ್ ಮಧ್ಯಾಹ್ನ ಕೋಶ 65 ಡಿಗ್ರಿಗೆ ಕಾದರೆ 300 ವ್ಯಾಟಿನ ಫಲಕ 250ರ ಸುತ್ತ ನಿಲ್ಲುತ್ತದೆ. ಲ್ಯಾಬಿನ ಸಂಖ್ಯೆ ಬೇರೆ, ಬಯಲಿನ ಸಂಖ್ಯೆ ಬೇರೆ ಎಂದು ಅಲ್ಲಿ ಕೆಲಸ ಮಾಡುವವರಿಗೆಲ್ಲ ಗೊತ್ತು.

ಹೈ ವೋಲ್ಟೇಜಿನ ಕಾಟವೂ ಸೋಲಾರ್‌ಗೆ ಇದ್ದದ್ದೇ. ಫಲಕಗಳನ್ನು ಸರಪಳಿಯಾಗಿ ಜೋಡಿಸಿದಾಗ ತುದಿಯಲ್ಲಿ 1,000, 1,500 ವೋಲ್ಟ್ ಆಗುತ್ತದೆ. ಆ ಒತ್ತಡಕ್ಕೆ ಗಾಜಿನಲ್ಲಿರುವ ಸೋಡಿಯಂ ಅಯಾನುಗಳು ಕೋಶದತ್ತ ಸರಿದು ಫಲಕವನ್ನು ನಿಸ್ತೇಜಗೊಳಿಸುತ್ತವೆ. ಜಗತ್ತಿನ ದೊಡ್ಡ ಪಾರ್ಕ್‌ಗಳೆಲ್ಲ ಕಟ್ಟೆಚ್ಚರ ವಹಿಸುವ ಈ ತೊಂದರೆಗೆ ಪಿಐಡಿ ಎನ್ನುತ್ತಾರೆ. ಅಲ್ಲೊಂದು ಸಮಾಧಾನವುಂಟು: ರಾತ್ರಿ ಹೊತ್ತು ವಿರುದ್ಧ ದಿಕ್ಕಿನ ವೋಲ್ಟೇಜ್ ಕೊಟ್ಟರೆ ಬಹುಪಾಲು ಚೇತರಿಸಿಕೊಳ್ಳುತ್ತದೆ. ಪ್ರಾಸೆಸರ್‌ನಲ್ಲಿ ಸರಿದುಹೋದ ತಾಮ್ರವನ್ನು ವಾಪಸು ಕರೆಯುವ ರಾತ್ರಿ ಮದ್ದು ಯಾವುದೂ ಇಲ್ಲ. 

ಸಿಲಿಕಾನ್ ಪಾಠ ಇಷ್ಟಕ್ಕೇ ಮುಗಿಯುವುದಿಲ್ಲ; ಇಲ್ಲಿಂದ ನೂರು–ನೂರೈವತ್ತು ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಪ್ರಾಸೆಸರ್ ವಿನ್ಯಾಸವೇ ನಡೆಯುತ್ತದೆ. 2008ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಬಿಡುಗಡೆ ಮಾಡಿದ ಆರು ಕೋರ್‌ನ ಕ್ಸಿಯಾನ್ 7400, ಒಳಹೆಸರು ಡನಿಂಗ್ಟನ್, ರೂಪುಗೊಂಡಿದ್ದು ಬೆಂಗಳೂರಿನಲ್ಲಿ. 190 ಕೋಟಿ ಟ್ರಾನ್ಸಿಸ್ಟರ್‌ಗಳ ಚಿಪ್ ಅದು. ಎಎಂಡಿ 2023ರ ನವೆಂಬರ್‌ನಲ್ಲಿ ತನ್ನ ಅತಿದೊಡ್ಡ ವಿನ್ಯಾಸ ಕೇಂದ್ರವನ್ನು ಅಲ್ಲೇ ತೆರೆಯಿತು. ನಿಮ್ಮ ತಾಲ್ಲೂಕುಗಳಿಂದ ಎಂಜಿನಿಯರಿಂಗ್ ಓದಲು ಹೋದವರಲ್ಲಿ ಇಂಥ ಕೆಲಸ ಹಿಡಿಯಬೇಕೆಂಬ ಆಸೆಯುಳ್ಳವರು ಇದ್ದೇ ಇರುತ್ತಾರೆ. ಚಿಪ್ ಎಷ್ಟು ವೋಲ್ಟಿನಲ್ಲಿ ಎಷ್ಟು ವರ್ಷ ಬಾಳುತ್ತದೆ ಎಂದು ಬೇಕೆಂದೇ ಬಿಸಿಮಾಡಿ, ವೋಲ್ಟೇಜ್ ಏರಿಸಿ, ಸಾಯಿಸಿ ಲೆಕ್ಕ ಹಾಕುವುದು ಈ ಉದ್ಯಮದಲ್ಲಿ ಸಂಬಳ ಬರುವ ಕೆಲಸ. ಓವರ್‌ಕ್ಲಾಕಿಂಗ್ ಹುಚ್ಚಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಸಾಯುವ ಚಿಪ್ಪಿನ ದುಡ್ಡನ್ನೂ ಅವರೇ ಕೊಡುತ್ತಾರೆ.

ಅದೇ ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದ ಕಸುಬು ಇದಕ್ಕೆ ತದ್ವಿರುದ್ಧ. ಬಾಹ್ಯಾಕಾಶ ಎಲೆಕ್ಟ್ರಾನಿಕ್ಸ್‌ನಲ್ಲಿ ಡಿರೇಟಿಂಗ್ ಎಂಬ ಕಟ್ಟುನಿಟ್ಟಿನ ಪದ್ಧತಿಯಿದೆ: ಒಂದು ಬಿಡಿಭಾಗ ಎಷ್ಟು ವೋಲ್ಟ್, ಎಷ್ಟು ಬಿಸಿ ತಡೆಯಬಲ್ಲದೋ ಅದಕ್ಕಿಂತ ಸಾಕಷ್ಟು ಕೆಳಗೇ ಅದನ್ನು ದುಡಿಸಬೇಕು. ಮೇಲೆ ಹೋಗಿ ಬದಲಾಯಿಸುವ ಮೆಕ್ಯಾನಿಕ್ ಯಾರೂ ಇಲ್ಲವಲ್ಲ. 2013ರ ನವೆಂಬರ್ 5ರಂದು ಹಾರಿದ ಮಂಗಳಯಾನದ ಗುರಿ ಮಂಗಳನ ಸುತ್ತ ಆರು ತಿಂಗಳು. ಅದು ಅಲ್ಲಿ ಸುಮಾರು ಎಂಟು ವರ್ಷ ಬಾಳಿತು.

ಮಿತಿಗಿಂತ ಕೆಳಗೆ ದುಡಿಸುವ ಈ ಕೆಲಸವನ್ನು ಮನೆಯಲ್ಲೂ ಮಾಡಬಹುದು, ಅದಕ್ಕೆ ಅಂಡರ್‌ವೋಲ್ಟಿಂಗ್ ಎನ್ನುತ್ತಾರೆ. ವೋಲ್ಟೇಜನ್ನು ಒಂದೊಂದೇ ಮೆಟ್ಟಿಲು ಇಳಿಸುತ್ತಾ ಯಂತ್ರ ತಡವರಿಸುವ ಹಂತ ಹುಡುಕಿ, ಅಲ್ಲಿಂದ ಎರಡು ಮೆಟ್ಟಿಲು ಮೇಲೆ ನಿಲ್ಲಿಸುವುದು. ಓವರ್‌ಕ್ಲಾಕಿಂಗ್‌ಗೆ ಬೇಕಾದ ತಾಳ್ಮೆ, ಪರೀಕ್ಷೆ, ನಿದ್ದೆಗೆಟ್ಟ ರಾತ್ರಿ ಎಲ್ಲವೂ ಇದಕ್ಕೂ ಬೇಕು. ವೋಲ್ಟೇಜಿನ ವರ್ಗದ ಲೆಕ್ಕ ಇಲ್ಲಿ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಕಳೆದುಕೊಳ್ಳುವ ವೇಗಕ್ಕಿಂತ ಉಳಿಯುವ ವ್ಯಾಟ್ ಬಹಳ ಹೆಚ್ಚು. ಅನೇಕ ಸಲ ಬಿಸಿ ಇಳಿದು ಟರ್ಬೊ ಹೆಚ್ಚು ಹೊತ್ತು ನಿಲ್ಲುವುದರಿಂದ ರೆಂಡರ್ ಬೇಗ ಮುಗಿಯುವುದೂ ಉಂಟು. ಬೋರ್ಡಿನ 4096 ಅನ್ನು ಅಳಿಸಿ 253ನ್ನೋ ಅದಕ್ಕಿಂತ ಕಡಿಮೆಯನ್ನೋ ಬರೆಯುವುದಕ್ಕೆ ಎರಡು ನಿಮಿಷ ಸಾಕು. ವೋಲ್ಟೇಜನ್ನು ಆಟೊಗೆ ಬಿಡದೆ ಮಾಮೂಲಿ ಮಟ್ಟದಲ್ಲೇ ಕಟ್ಟಿಹಾಕಿ ವೇಗ ಎಷ್ಟು ಏರುತ್ತದೆಂದು ನೋಡುವ ಚಪಲವಿದ್ದರೆ ಅದರಿಂದ ದೊಡ್ಡ ಹಾನಿಯಿಲ್ಲ, ಹೆಚ್ಚೆಂದರೆ ಹ್ಯಾಂಗ್ ಆದೀತು.

ಸೆಕೆಂಡ್‌ಹ್ಯಾಂಡ್ ಪ್ರಾಸೆಸರ್ ಕೊಳ್ಳುವವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಎರಡು ವರ್ಷ 1.45 ವೋಲ್ಟ್ ಕುಡಿದ ಪ್ರಾಸೆಸರ್ ನೋಡುವುದಕ್ಕೆ ಹೊಸದರಂತೆಯೇ ಹೊಳೆಯುತ್ತದೆ. ಐದು ನಿಮಿಷ ವಿಂಡೋಸ್ ಓಡಿಸಿ ತೋರಿಸಿದರೆ ನಂಬಬೇಡಿ. ಹತ್ತಿಪ್ಪತ್ತು ಜಿಬಿಯ ಜಿಪ್ ಫೈಲನ್ನು ಮತ್ತೆಮತ್ತೆ ಬಿಚ್ಚಿಸಿ ನೋಡಿ. ಸಿಆರ್‌ಸಿ ಎರರ್ ಬಂದರೆ, ಗ್ರಾಫಿಕ್ಸ್ ಡ್ರೈವರ್ ಇನ್‌ಸ್ಟಾಲ್ ಅರ್ಧಕ್ಕೆ ಮುರಿದರೆ ಗುಮಾನಿ ಪಡಿ. ಮೂಲ ಬಿಲ್ ಕೇಳಿ.

ಬಿಲ್ ಮಾತು ಬಂತು. ಇಂಟೆಲ್ ಆ ಎರಡು ತಲೆಮಾರಿನ ಡಬ್ಬದ ಪ್ರಾಸೆಸರ್‌ಗಳಿಗೆ ಮೂರು ವರ್ಷದ ವಾರಂಟಿಯನ್ನು ಐದು ವರ್ಷಕ್ಕೆ ಏರಿಸಿದೆ. 13ನೇ ತಲೆಮಾರು ಮಾರಾಟಕ್ಕೆ ಬಂದದ್ದು 2022ರ ಅಕ್ಟೋಬರ್ 20ರಂದು. ಮೊದಲ ದಿನವೇ ಕೊಂಡವರಿಗೂ 2027ರ ಅಕ್ಟೋಬರ್‌ವರೆಗೆ ಅವಕಾಶವಿದೆ. 14ನೇ ತಲೆಮಾರಿನವರಿಗೆ ಕಡಿಮೆಯೆಂದರೆ 2028ರ ಅಕ್ಟೋಬರ್‌ವರೆಗೆ. ಡಬ್ಬವಿಲ್ಲದೆ ಟ್ರೇಯಲ್ಲಿ ಬಂದದ್ದಾದರೆ, ಅಸೆಂಬಲ್ ಮಾಡಿಯೇ ಕೊಂಡದ್ದಾದರೆ ಮಾರಿದವರನ್ನು ಕೇಳಬೇಕು. ಗೇಮ್ ಮುಚ್ಚಿಕೊಳ್ಳುತ್ತಿದೆ ಎಂದು ಗ್ರಾಫಿಕ್ಸ್ ಕಾರ್ಡ್ ಕಳಚಿ ಬ್ಯಾಗಿಗೆ ಹಾಕಿಕೊಂಡು ಬೆಂಗಳೂರಿನ ಬಸ್ಸು ಹತ್ತುವ ಮೊದಲು ಬಯೋಸ್‌ನ ಮೊದಲ ಪುಟದಲ್ಲಿ ಮೈಕ್ರೋಕೋಡ್ ಸಂಖ್ಯೆ ನೋಡಿಕೊಳ್ಳಿ. 0ಎಕ್ಸ್12ಎಫ್‌ಗಿಂತ ಹಳೆಯದಾಗಿದ್ದರೆ ಈ ರಾತ್ರಿಯೇ ಅಪ್‌ಡೇಟ್ ಮಾಡಿ, ಯುಪಿಎಸ್ ಚಾರ್ಜ್ ಇದೆಯೆಂದು ಖಾತ್ರಿ ಮಾಡಿಕೊಂಡು. ಅಪ್‌ಡೇಟ್ ನಡುವೆ ಕರೆಂಟು ಹೋದರೆ ಬೋರ್ಡಿನ ಕತೆಯೇ ಬೇರೆ.

ಇಂತಿ,
ನಿಮ್ಮ ಸೀಮೆಯವರೊಬ್ಬರು